ಕೈ ಮೂಸುವ ಮೇಷ್ಟ್ರು

ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಮನೆಯಲ್ಲಿ ಹುಡುಕಿದ್ದು ಒಂದೇ ಒಂದನ್ನು, ಅವಳ ವಾಸನೆಯನ್ನು. ಅದು ಎಲ್ಲೂ ಸಿಗಲಿಲ್ಲ.

ಕಪಾಟು ತೆರೆದು ಅವಳ ಬಟ್ಟೆಗಳ ನಡುವೆ ಮುಖ ಹುದುಗಿಸಿದರು. ಮರದ ಹಲಗೆ ಸಿಕ್ಕಿತು, ನೂಲು ಸಿಕ್ಕಿತು, ಎಂದೋ ಒಣಹಾಕಿದ್ದ ಬಿಸಿಲು ಸಿಕ್ಕಿತು. ದಿಂಬಿನಲ್ಲಿ ಬರೀ ಹತ್ತಿ. ಬಾಚಣಿಗೆಯಲ್ಲಿ ಪ್ಲಾಸ್ಟಿಕ್ಕು. ಚಳಿಗೆ ಅವಳು ಹೊದೆಯುತ್ತಿದ್ದ ಶಾಲನ್ನು, ಬಾಗಿಲು ಕಿಟಕಿಯೆಲ್ಲ ಹಾಕಿಕೊಂಡು, ಕಣ್ಣು ಮುಚ್ಚಿ, ಉಸಿರನ್ನು ಸಣ್ಣಗೆ ಎಳೆದೆಳೆದು ಮೂಸಿದರು. ಉಣ್ಣೆ, ಅಷ್ಟೇ. ಬೇರೆ ಯಾವ ಗಂಡಸಿಗೆ ಹೀಗಾಗಿದ್ದರೂ, ವಯಸ್ಸಾಯಿತು, ಮೂಗು ಮಂದವಾಗಿದೆ ಅಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಇದು ಮೇಷ್ಟ್ರ ಮೂಗು. ಎಣ್ಣೆಕಾಳನ್ನು ಬಿಸಿಲಲ್ಲಿ ಒಣಗಿಸಿದ್ದೋ ಸೌದೆಯ ಹೊಗೆಯಲ್ಲೋ ಎಂದು ಮೂಟೆ ಬಿಚ್ಚುವ ಮೊದಲೇ ಹೇಳುವ ಮೂಗು. ಆ ಮೂಗಿಗೆ ಸಿಗಲಿಲ್ಲ ಎಂದರೆ ಇಲ್ಲ ಎಂದೇ ಅರ್ಥ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಅಡುಗೆ ಎಣ್ಣೆಯನ್ನು ಶುದ್ಧಿ ಮಾಡುವ ಕಾರ್ಖಾನೆಯಲ್ಲಿ ರುಚಿ ನೋಡುವ ಕೋಣೆಗೆ ಇವರು ಹಿರಿಯರು. ಆ ಕೋಣೆಯೊಳಗೆ ಹೋಗುವವರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು, ಉಗುರು ತೋರಿಸುವ ಮಕ್ಕಳ ಹಾಗೆ ಎರಡೂ ಕೈ ಚಾಚಬೇಕು. ಮೇಷ್ಟ್ರು ಬಾಗಿ ಒಬ್ಬೊಬ್ಬರ ಕೈಯನ್ನೂ ಮೂಸುತ್ತಾರೆ. ಸೋಪಿನ ಘಮ, ಸೆಂಟು, ಸಿಗರೇಟು, ಈರುಳ್ಳಿ, ಯಾವುದು ಸಿಕ್ಕರೂ ಅವತ್ತು ಆ ಮನುಷ್ಯ ಹೊರಗೆ. ಒಮ್ಮೆ ಕಾರ್ಖಾನೆಯ ಮಾಲೀಕರನ್ನೇ ಕ್ಷೌರದ ಕ್ರೀಮಿನ ವಾಸನೆಗಾಗಿ ಹೊರಗೆ ನಿಲ್ಲಿಸಿದ್ದರು. ಮಾಲೀಕರು ನಗುತ್ತ ನಿಂತರು, ಆದರೆ ನಿಂತರು. ಅಂದಿನಿಂದ ಮೇಷ್ಟ್ರು ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ಕಾರ್ಖಾನೆಗೆ ಬರುವ ಹಸಿ ಎಣ್ಣೆ ಹೊಲದ ರಗಳೆಯನ್ನೆಲ್ಲ ಹೊತ್ತು ತರುತ್ತದೆ. ಅಂಟು, ಕಸರು, ಹುಳಕ್ಕೆ ಹೊಡೆದ ಮದ್ದು, ಒಣಗಿಸಿದ ಹೊಗೆ, ಗಾಣದ ಕಬ್ಬಿಣ. ಮೊದಲು ನೀರು ಬೆರೆಸಿ ಅಂಟು ತೆಗೆಯುತ್ತಾರೆ. ಆಮೇಲೆ ಒಂದು ಬಗೆಯ ಜೇಡಿಮಣ್ಣು, ಇದ್ದಿಲ ಪುಡಿ ಕಲಸಿ ಸೋಸುತ್ತಾರೆ. ಬಣ್ಣ, ಲೋಹ, ಹೊಗೆಯ ಕೊಳೆ ಬಹುಪಾಲು ಅದಕ್ಕೆ ಅಂಟಿಕೊಂಡು ಹೋಗುತ್ತವೆ. ಕೊನೆಗೆ, ಗಾಳಿ ಹೀರಿ ತೆಗೆದ ಎತ್ತರದ ಗೋಪುರದಲ್ಲಿ ಎಣ್ಣೆಯನ್ನು ಕೆಂಡದಂತೆ ಕಾಯಿಸಿ ಅದರೊಳಗೆ ಹಬೆ ಹಾಯಿಸುತ್ತಾರೆ. ಆ ಹಬೆ ಉಳಿದ ಮದ್ದಿನ ಜೊತೆಗೆ ವಾಸನೆಯನ್ನೂ ಎತ್ತಿಕೊಂಡು ಹೋಗುತ್ತದೆ. ಕೆಳಗಿಳಿಯುವ ಎಣ್ಣೆಗೆ ರುಚಿಯಿಲ್ಲ, ವಾಸನೆಯಿಲ್ಲ, ಯಾವ ಕಾಳಿನದೆಂದು ಅದನ್ನು ಬೆಳೆದ ಹೊಲಕ್ಕೂ ಗುರುತು ಹತ್ತುವುದಿಲ್ಲ. ಕಾರ್ಖಾನೆಯವರು ಅದನ್ನು ‘ಬೋಳು’ ಎನ್ನುತ್ತಾರೆ. ಅಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಬೋಳಾಗಿದೆಯೋ ಇಲ್ಲವೋ ಎಂದು ಹೇಳುವುದೇ ಮೇಷ್ಟ್ರ ಕೆಲಸ. ಬಣ್ಣ ನೋಡಿ ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡಬಾರದೆಂದು ಕಡುನೀಲಿ ಗಾಜಿನ ಪುಟ್ಟ ಲೋಟಗಳಲ್ಲಿ ಬೆಚ್ಚಗಿನ ಎಣ್ಣೆ ಕೊಡುತ್ತಾರೆ. ಒಂದು ಗುಟುಕು ಬಾಯಿಗೆ ಹಾಕಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದು, ಉಗುಳಬೇಕು. ಒಪ್ಪಿಗೆಯಾದರೆ ಲೋಟ ತಟ್ಟೆಯ ಮೇಲೆ ನೆಟ್ಟಗೆ, ಇಲ್ಲದಿದ್ದರೆ ಬೋರಲು. ಒಂದೇ ಒಂದು ಲೋಟ ಬೋರಲು ಬಿದ್ದರೂ ಆ ತೊಟ್ಟಿಯ ಎಣ್ಣೆ ಮತ್ತೆ ಗೋಪುರಕ್ಕೆ. ಬೋರಲು ಬೀಳುತ್ತಿದ್ದುದು ಹೆಚ್ಚಾಗಿ ಮೇಷ್ಟ್ರ ಲೋಟವೇ.

ಇಂಥ ಮೂಗನ್ನು ಮನೆಯಲ್ಲಿಟ್ಟುಕೊಳ್ಳುವುದೆಂದರೆ ಹುಲಿ ಸಾಕಿದಂತೆ. ಹೆಂಡತಿ ಸಾಕಿದಳು. ಮದುವೆಯಾದ ಹೊಸದರಲ್ಲೇ ಮೇಷ್ಟ್ರು ಹೇಳಿಬಿಟ್ಟಿದ್ದರು, ನನ್ನ ಮೂಗು ಕೆಟ್ಟರೆ ನಮ್ಮ ಅನ್ನ ಕೆಟ್ಟಂತೆ ಎಂದು. ಸೆಂಟು ಹೋಯಿತು, ಪೌಡರು ಹೋಯಿತು, ಮುಡಿಯುವ ಹೂವೂ ಹೋಯಿತು. ವಾಸನೆಯಿಲ್ಲದ ಬಿಳಿ ಸೋಪು ಬಂತು. ಅವಳು ತಮಾಷೆಯ ಹೆಂಗಸು. ಸಂಜೆ ಗಂಡ ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚುತ್ತಿದ್ದಳು.

“ಪಾಸಾ, ಫೇಲಾ?”

ಮೇಷ್ಟ್ರು ಮೂಸಿ “ಪಾಸು” ಎಂದರೆ ನಕ್ಕು ಒಳಗೆ ಬಿಡುತ್ತಿದ್ದಳು. ವರ್ಷಗಳು ಉರುಳಿದಂತೆ ನಗು ಯಾವಾಗ ಸವೆಯಿತೋ ಅವರಿಗೆ ತಿಳಿಯಲಿಲ್ಲ. ಕೈಗಳು ಮಾತ್ರ ಕೊನೆಯವರೆಗೂ ಬಾಗಿಲಿಗೆ ಬರುತ್ತಿದ್ದವು.

ಒಮ್ಮೆ ಮಾತ್ರ, ಕೆಲವು ವರ್ಷಗಳ ಹಿಂದೆ, ಅದೇ ಬಾಗಿಲಲ್ಲಿ ಅಗ್ಗದ ಗುಲಾಬಿ ಸೋಪಿನ ವಾಸನೆ ಸಿಕ್ಕಿತ್ತು. ತೀರಾ ತೆಳು, ಆದರೂ ಸಿಕ್ಕಿತ್ತು. ಯಾರು ಬಂದಿದ್ದರು ಎಂದು ಕೇಳಿದಾಗ ಹೆಂಡತಿ “ಎದುರುಮನೆಯವರು” ಎಂದಳು. ಮೇಷ್ಟ್ರು ಚಪ್ಪಲಿಯನ್ನೂ ಕಳಚದೆ ನೆಟ್ಟಗೆ ಎದುರುಮನೆಗೆ ಹೋಗಿ, ನೀವು ನಮ್ಮ ಮನೆಗೆ ಬರುವ ದಿನ ದಯವಿಟ್ಟು ಆ ಗುಲಾಬಿ ಸೋಪು ಬಿಡಿ, ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆ ಎಂದು ಕೈ ಮುಗಿದರು. ಎದುರುಮನೆಯಾಕೆ ಅವರ ಮುಖ ನೋಡಿದಳು, ಅವರ ಬೆನ್ನ ಹಿಂದೆ ಬಂದು ನಿಂತಿದ್ದ ಹೆಂಡತಿಯ ಮುಖ ನೋಡಿದಳು, “ಆಯ್ತು, ಬಿಡ್ತೀನಿ” ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಎಂಥ ಸಭ್ಯತೆಯಿಲ್ಲದ ಹೆಂಗಸು ಎಂದು ಮೇಷ್ಟ್ರು ಮೂಗು ಮುರಿದಿದ್ದರು.

ಆಸ್ಪತ್ರೆಯಲ್ಲಿ ಕೊನೆಗೆ ಹೆಂಡತಿಯ ಕೈ ಹಿಡಿದಾಗ ಆ ಕೈಯಲ್ಲಿ ಸ್ಪಿರಿಟ್ಟಿನ ವಾಸನೆ ಇತ್ತು. ಅದು ಆಸ್ಪತ್ರೆಯದು, ಅವಳದಲ್ಲ.

ಈಗ ಸಂಜೆ ಬೀಗ ತೆಗೆದು ಬಾಗಿಲು ನೂಕಿದರೆ ಎದುರಿಗೆ ಯಾರ ಕೈಯೂ ಇಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ತೊಳೆದಿಟ್ಟ ಒಂದು ತಟ್ಟೆ. ರೇಡಿಯೋ ಹಾಕುತ್ತಾರೆ, ಯಾರೋ ಮಾತಾಡುತ್ತಾರೆ, ಆರಿಸುತ್ತಾರೆ. ಎಣ್ಣೆಯನ್ನು ಬೋಳು ಮಾಡಿದ ಹಾಗೆಯೇ ಮನೆಯನ್ನೂ ಬೋಳು ಮಾಡಿಟ್ಟಿದ್ದು ತಾವೇ ಎಂಬುದು ಮೇಷ್ಟ್ರಿಗೆ ಹೊಳೆಯದ ಸಂಗತಿಯೇನಲ್ಲ. ಹೊಳೆದಾಗಲೆಲ್ಲ ಎದ್ದು ಮತ್ತೊಮ್ಮೆ ಕಪಾಟು ತೆರೆಯುತ್ತಿದ್ದರು.

ಹೀಗಿರುವಾಗ ಕಾರ್ಖಾನೆಯ ಲ್ಯಾಬಿಗೆ ಹೊಸದಾಗಿ ಬಂದಿದ್ದ ಮೇಡಂ ಒಂದು ದಿನ ರುಚಿ ಕೋಣೆಗೆ ಬಂದರು. ಕೈ ಮೂಸಿಸಿಕೊಂಡು, ಪಾಸಾಗಿಯೇ ಬಂದರು. ಮುಖ ಸಪ್ಪಗಿತ್ತು.

“ಮೇಷ್ಟ್ರೇ, ಮಕ್ಕಳ ಹಾಲಿನ ಪುಡಿ ಮಾಡೋ ಕಂಪನಿಯವರು ನಮ್ಮ ಎಣ್ಣೆ ವಾಪಸ್ ಕಳಿಸಿದಾರೆ.”

“ವಾಸನೆ ಇತ್ತಂತಾ?” ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು.

“ಇಲ್ಲ. ಅವರ ಯಂತ್ರದಲ್ಲಿ ಬೇರೆ ಏನೋ ಸಿಕ್ಕಿದೆ. ಅದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಬಣ್ಣ ಇಲ್ಲ. ಜಾಸ್ತಿ ದಿನ ಹೊಟ್ಟೆಗೆ ಹೋದ್ರೆ ಒಳ್ಳೇದಲ್ಲ. ಅದರಲ್ಲೂ ಕೂಸುಗಳಿಗೆ. ಅವಕ್ಕೆ ಮೂರು ಹೊತ್ತೂ ಅದೇ ತಾನೇ ಊಟ?”

“ಹೊಲದಿಂದ ಬಂದಿರುತ್ತೆ. ಏನೇನು ಹೊಡೀತಾರೋ ಏನೋ.”

“ಅಲ್ಲ ಮೇಷ್ಟ್ರೇ. ಹೊಲದಿಂದ ಬಂದಿದ್ದೆಲ್ಲ ನಮ್ಮಲ್ಲಿ ಹೋಗುತ್ತೆ. ಮದ್ದು ಹೋಗಿದೆ, ಹೊಗೆ ಹೋಗಿದೆ, ನಾನೇ ಪರೀಕ್ಷೆ ಮಾಡಿದೀನಿ. ಇದು ಹಸಿ ಎಣ್ಣೇಲಿ ಇರಲೇ ಇಲ್ಲ. ನಮ್ಮ ಗೋಪುರದಲ್ಲಿ ಹುಟ್ಟಿದ್ದು. ವಾಸನೆ ಪೂರ್ತಿ ಹೋಗ್ಲಿ ಅಂತ ಅಷ್ಟೊಂದು ಕಾಯಿಸ್ತೀವಲ್ಲ, ಆ ಕಾವಿಗೆ ಹುಟ್ಟುತ್ತೆ. ನಾವೇ ಮಾಡಿದ್ದು.”

ಗೋಪುರ ನೋಡಿಕೊಳ್ಳುವವನನ್ನು ಎಲ್ಲರೂ ಹಬೆಯಣ್ಣ ಎನ್ನುತ್ತಿದ್ದರು. ಅವನೂ ರುಚಿ ನೋಡುವವರಲ್ಲಿ ಒಬ್ಬ. ಮೇಡಂ ಮಾತು ಮುಗಿಸಿದಾಗ ಅವನು ನೆಲ ನೋಡಿದ. ಮೇಷ್ಟ್ರ ಲೋಟ ಬೋರಲು ಬಿದ್ದಾಗಲೆಲ್ಲ ಗೋಪುರದ ಕಾವನ್ನು ಒಂದಿಷ್ಟು ಏರಿಸುತ್ತ, ಏರಿಸುತ್ತ ಬಂದವನು ಅವನೇ. ಇಳಿಸಿದ್ದು ಅವನಿಗೆ ನೆನಪಿರಲಿಲ್ಲ. ಮೇಷ್ಟ್ರಿಗೆ ಇದು ಗೊತ್ತಿತ್ತು. ಹಬೆಯಣ್ಣನಿಗೆ ಗೊತ್ತಿದೆ ಎಂಬುದೂ ಗೊತ್ತಿತ್ತು.

“ಶುದ್ಧಿ ಮಾಡೋ ಜಾಗದಲ್ಲೇ ಕೊಳೆ ಹುಟ್ಟುತ್ತಾ?” ಎಂದರು ಮೇಷ್ಟ್ರು. ಕೇಳಿದ್ದು ಜಗಳದ ದನಿಯಲ್ಲಿ.

“ಹುಟ್ಟುತ್ತೆ. ಅದಕ್ಕೇ ಮಣ್ಣಿನ ಹಂತದಲ್ಲಿ ಜಾಸ್ತಿ ಸೋಸಿ, ಗೋಪುರದ ಕಾವು ಇಳಿಸಿ ಒಂದು ತೊಟ್ಟಿ ತೆಗೆಸಿದೀನಿ. ಯಂತ್ರದಲ್ಲಿ ಚೆನ್ನಾಗಿ ಬಂದಿದೆ. ಇನ್ನು ನೀವು ಒಪ್ಪಬೇಕು.”

ನೀಲಿ ಲೋಟಗಳು ಬಂದವು. ಮೇಷ್ಟ್ರು ಗುಟುಕು ಹಾಕಿದರು, ಗಾಳಿ ಎಳೆದರು. ಬೇರೆ ಯಾರಾದರೂ ಆಗಿದ್ದರೆ ನೀರು ಎನ್ನುತ್ತಿದ್ದರು. ಆದರೆ ಅಲ್ಲಿ, ನಾಲಿಗೆಯ ಹಿಂದೆ, ಎಲ್ಲೋ ದೂರದಲ್ಲಿ, ಕಾಳು ಇತ್ತು. ಸಿಪ್ಪೆ ಸುಲಿದ ಹಸಿ ಕಾಳಿನ ಒಂದು ಎಳೆ. ಮೇಷ್ಟ್ರು ಉಗುಳಿ ಲೋಟ ಬೋರಲು ಹಾಕಿದರು. ಅವರ ಲೋಟವನ್ನು ಓರೆಗಣ್ಣಲ್ಲಿ ನೋಡುತ್ತಿದ್ದ ಉಳಿದವರೂ ಟಕ್ ಟಕ್ ಎಂದು ಬೋರಲು ಹಾಕಿದರು. ಅವರ ನಾಲಿಗೆಗೆ ಏನು ಸಿಕ್ಕಿತ್ತೋ ದೇವರೇ ಬಲ್ಲ.

“ಏನು ಸಿಕ್ತು ಮೇಷ್ಟ್ರೇ?”

“ಕಾಳು ಸಿಕ್ತು.”

“ಕಾಳಿನ ಎಣ್ಣೇಲಿ ಕಾಳು ಸಿಗಬಾರದಾ?”

ಯಾರೋ ಫಕ್ಕನೆ ನಕ್ಕು, ಮೇಷ್ಟ್ರ ಮುಖ ನೋಡಿ ಕೆಮ್ಮಿದಂತೆ ಮಾಡಿದರು. ಮೇಷ್ಟ್ರ ಕಿವಿ ಕೆಂಪಾಯಿತು. ಬೋಳು ಎಂದರೆ ಬೋಳು, ಅರ್ಧ ಬೋಳು ಅಂತ ಇಲ್ಲ, ನಾನಿರುವ ತನಕ ಈ ಕೋಣೆಯಿಂದ ಕಾಳು ಹೊರಗೆ ಹೋಗಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಮೇಡಂ ತಮ್ಮ ಕಾಗದಗಳನ್ನು ಎತ್ತಿಕೊಂಡರು.

“ಸೋಮವಾರ ಇನ್ನೊಂದು ಸಲ ನೋಡೋಣ. ಅವರು ಅಲ್ಲೀತನಕ ಕಾಯ್ತಾರಂತೆ.” ಬಾಗಿಲ ಬಳಿ ಹೋದವರು ತಿರುಗಿದರು. “ನಿಮ್ಮನೇಲಿ ಚಿಕ್ಕಮಕ್ಕಳು ಇದಾರಾ?”

“ಮೊಮ್ಮಗಳು ಇದಾಳೆ. ಮಗಳ ಮನೇಲಿ.”

“ಏನು ಕುಡೀತಾಳೆ? ತಾಯಿ ಹಾಲಾ, ಪುಡೀದಾ?”

“ಗೊತ್ತಿಲ್ಲ, ಕೇಳ್ಬೇಕು,” ಎಂದರು ಮೇಷ್ಟ್ರು.

ಅಪ್ಪ ಮಗಳಿಗೆ ಮೊದಲಿನಿಂದಲೂ ಎಣ್ಣೆ ಸೀಗೇಕಾಯಿ. ಅವಳು ಚಿಕ್ಕವಳಿದ್ದಾಗ ಗೆಳತಿಯೊಬ್ಬಳು ಹಣ್ಣಿನ ಘಮದ ರಬ್ಬರು ಕೊಟ್ಟಿದ್ದಳು. ಮಗು ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ಮಲಗಿತ್ತು. ಮೇಷ್ಟ್ರು ಬೆರಳು ಬಿಡಿಸಿ ತೆಗೆದು ಹೊರಗಿನ ಕಟ್ಟೆಯ ಮೇಲಿಟ್ಟರು. ಬೆಳಗ್ಗೆ ನೋಡಿದರೆ ಅಲ್ಲಿರಲಿಲ್ಲ. ಮಗಳು ಅಳಲಿಲ್ಲ, ಹಟ ಮಾಡಲಿಲ್ಲ, ಆಮೇಲೆ ಗೆಳತಿಯರು ಕೊಟ್ಟಿದ್ದು ಯಾವುದನ್ನೂ ಮನೆಗೆ ತರಲೂ ಇಲ್ಲ. ದೊಡ್ಡವಳಾಗಿ ತನ್ನದೇ ಮನೆ ಮಾಡಿಕೊಂಡು ಊರಿನ ಇನ್ನೊಂದು ತುದಿಗೆ ಹೋದಳು. ಅವಳಮ್ಮ ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಿದ್ದಳು. ಮೇಷ್ಟ್ರು ಹೋಗಿದ್ದು ಬೆರಳೆಣಿಕೆಯಷ್ಟು ಸಲ. ಈಗ ಮಗಳು ಫೋನು ಮಾಡುತ್ತಾಳೆ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಫೋನ್ ಇಡ್ಲಾ. ಮೂರನೆಯದಕ್ಕೆ ಮಾತ್ರ ಮೇಷ್ಟ್ರಿಗೆ ಉತ್ತರ ಕೊಡಲು ಆಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವರು ಬಸ್ಸು ಹತ್ತಿದರು. ಪುಡಿಯೋ ತಾಯಿ ಹಾಲೋ ಎಂದು ಫೋನಿನಲ್ಲೇ ಕೇಳಬಹುದಿತ್ತು. ಕೇಳಿದ್ದರೆ ಅದು ನಾಲ್ಕನೆಯ ಮಾತಾಗುತ್ತಿತ್ತು, ಅಷ್ಟಕ್ಕೇ ಮುಗಿದೂ ಹೋಗುತ್ತಿತ್ತು.

ಮಗಳು ಬಾಗಿಲು ತೆರೆದು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ “ಬನ್ನಿ” ಎಂದಳು. ಅಳಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮನೆಯ ತುಂಬ ವಾಸನೆಗಳು: ಕರಿದ ಬೆಳ್ಳುಳ್ಳಿ, ಬೂಟಿನ ಪಾಲಿಶು, ಮಗುವಿನ ಪೌಡರು, ಒಣಗದ ಬಟ್ಟೆ. ಮೇಷ್ಟ್ರ ಮೂಗು ಗಾಬರಿಬಿದ್ದ ನಾಯಿಯ ಹಾಗೆ ಆಚೀಚೆ ಓಡಿತು. ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದರು. ಮಗಳು ಅದನ್ನು ನೋಡಿದಳು. ಕಿಟಕಿ ತೆರೆದಳು.

“ಮಗು ಏನು ಕುಡಿಯುತ್ತೆ?”

“ಪುಡೀದು. ನಂಗೆ ಹಾಲು ಸಾಲಲಿಲ್ಲ. ಯಾಕೆ?”

ಮೇಷ್ಟ್ರು ಡಬ್ಬಿ ಕೇಳಿ ಇಸಿದುಕೊಂಡರು. ಅದರ ಮೇಲೆ ಎಣ್ಣೆ ಎಂದು ಬರೆದಿತ್ತು, ಯಾರ ಎಣ್ಣೆ ಎಂದು ಬರೆದಿರಲಿಲ್ಲ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಹಾಲು, ಸಿಹಿ, ತಗಡು. ಎಳೆದೆಳೆದು ಮೂಸಿದರು.

“ಏನೂ ಸಿಗ್ತಾ ಇಲ್ಲ.”

“ಸಿಗದಿದ್ರೆ ಒಳ್ಳೇದಲ್ವಾ? ಜೀವನ ಪೂರ್ತಿ ನೀವು ಹೇಳಿದ್ದು ಅದೇ ತಾನೇ?”

“ಅದೇ ಈಗ ಭಯ ಆಗ್ತಿದೆ,” ಎಂದರು ಮೇಷ್ಟ್ರು. ಕಾರ್ಖಾನೆಯ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ನಾವೇ ಮಾಡಿದ್ದು ಎಂಬ ಮೇಡಂ ಮಾತನ್ನೂ ಹೇಳಿದರು. ಕಾವು ಏರುವಂತೆ ಮಾಡಿದ್ದು ತಮ್ಮ ಲೋಟವೇ ಎಂಬುದನ್ನೂ ನುಂಗಲಿಲ್ಲ. ಮಗಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು. ಅಪ್ಪ ಇಷ್ಟು ಉದ್ದ ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲವೆಂದು ಕಾಣುತ್ತದೆ. ಡಬ್ಬಿಯನ್ನು ತೆಗೆದು ಪಕ್ಕಕ್ಕಿಟ್ಟು, ಇವತ್ತಿಗೆ ಬೇರೆ ಕಂಪನಿಯದು ತರುತ್ತೇನೆ, ನಾಳೆ ಡಾಕ್ಟರನ್ನು ಕೇಳುತ್ತೇನೆ ಎಂದಳು. ಆಮೇಲೆ ಕೇಳಿದಳು:

“ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?”

ಮೇಷ್ಟ್ರ ಮಾತು ಹೊರಟಿದ್ದು ಬೇರೆ ಎಲ್ಲಿಂದಲೋ.

“ಅಮ್ಮನ ಬಟ್ಟೇಲಿ ಏನೂ ಇಲ್ಲ ಕಣೇ. ಎಲ್ಲಾ ತೆಗೆದು ನೋಡ್ದೆ. ದಿಂಬು, ಶಾಲು ಎಲ್ಲಾ. ಅವಳ ವಾಸನೇನೇ ಇಲ್ಲ. ಅವಳಿಗೆ ವಾಸನೇನೇ ಇರಲಿಲ್ವೇನೋ.”

ಮಗಳು ಮೊದಲು ನಕ್ಕಳು. ಆ ನಗು ಅರ್ಧದಲ್ಲೇ ಏನೋ ಆಗಿಹೋಯಿತು.

“ಅಮ್ಮನಿಗೆ ವಾಸನೆ ಇರಲಿಲ್ವಾ? ಅಮ್ಮ ಮೆಟ್ಟಿಲು ಇಳಿದು ಹೋದ ಮೇಲೂ ಮನೆ ತುಂಬ ಅವಳೇ ಇರ್ತಿದ್ಲು ಅಪ್ಪಾ. ಈ ಮಗೂಗೂ ಗೊತ್ತು ಅಮ್ಮನ ವಾಸನೆ. ಬಾಗಿಲ ಹಿಂದೆ ಅವಳ ಗೌನು ನೇತಾಡ್ತಿದ್ರೆ ಅದನ್ನ ಹಿಡ್ಕೊಂಡು ಅಳು ನಿಲ್ಲಿಸ್ತಿತ್ತು.”

ಮೇಷ್ಟ್ರು ತಲೆ ಎತ್ತಿದರು.

“ಪ್ರತಿ ವಾರ ಬರ್ತಿದ್ಲಲ್ಲ, ಬಂದ ತಕ್ಷಣ ಮಾಡ್ತಿದ್ದ ಮೊದಲ ಕೆಲಸ ಏನು ಗೊತ್ತಾ? ಬಚ್ಚಲಿಗೆ ಹೋಗಿ ತನ್ನ ಸೋಪಲ್ಲಿ ಮುಖ, ಕೈ ತೊಳ್ಕೊಳ್ಳೋದು. ತಂದು ಇಲ್ಲೇ ಇಟ್ಟಿದ್ಲು. ಆಮೇಲೆ ದಿನವೆಲ್ಲ ರಾಣಿ ಹಾಗೆ ಓಡಾಡ್ಕೊಂಡಿರ್ತಿದ್ಲು. ಸಂಜೆ ಬಸ್ಸಿಗೆ ಮುಂಚೆ ನಿಮ್ಮ ಬಿಳಿ ಸೋಪು ಹಚ್ಚಿ ಎಲ್ಲ ತೊಳೆದು, ಬಟ್ಟೆ ಬದಲಾಯಿಸಿ, ನೀವು ಕಲಿಸಿದ ಹಾಗೇ ಕೈ ಮೂಸಿ ನೋಡ್ಕೊಂಡು ಹೋಗ್ತಿದ್ಲು. ಒಂದ್ಸಲ ಬಸ್ಸು ತಪ್ಪುತ್ತೆ ಅಂತ ಅರ್ಜೆಂಟಲ್ಲಿ ಸರಿಯಾಗಿ ತೊಳೀದೆ ಹೋಗಿದ್ಲಂತೆ. ಸಿಕ್ಕಿಬಿದ್ದೆ ಅಂದ್ಕೊಂಡ್ಲಂತೆ. ನೀವು ಹೋಗಿ ಎದುರುಮನೆಯವರಿಗೆ ಕೈ ಮುಗಿದ್ರಂತಲ್ಲ! ಆ ಕತೆ ಹೇಳಿ ಹೇಳಿ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು.”

“ಗುಲಾಬಿ,” ಎಂದರು ಮೇಷ್ಟ್ರು.

“ಹೂಂ. ಗುಲಾಬಿ.”

ಅಗ್ಗದ ಗುಲಾಬಿ. ಅವಳೇ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳೇ ಸಿಕ್ಕಿದ್ದಳು. ಊರಿಗೆ ಹೆಸರಾದ ಮೂಗು, ಅವಳನ್ನು ಸರಿಯಾಗಿ ಹಿಡಿದು, ಎದುರುಮನೆಗೆ ಹೋಗಿ ಒಪ್ಪಿಸಿ ಬಂದಿತ್ತು.

“ನನ್ನ ಮೇಲೆ ಸಿಟ್ಟಿತ್ತಾ ಅವಳಿಗೆ?”

“ನಂಗಿತ್ತು. ಈಗ್ಲೂ ಇದೆ. ಯಾಕಮ್ಮಾ ಹೀಗೆ ಕದ್ದುಮುಚ್ಚಿ ಅಂತ ಬೈದಿದೀನಿ. ಅವಳು ಪಾಪ ಬಿಡೇ, ಅದು ಅವರ ಅನ್ನ ಅಂತಿದ್ಲು.” ಮಗಳು ಮಗುವಿನ ಕೂದಲು ಸರಿಮಾಡಿದಳು. “ಆದ್ರೆ ಒಂದು ದಿನ ಹೇಳಿದ್ಲು, ಒಂದೇ ಒಂದ್ಸಲ ಇದು ನಿಂದೇ ವಾಸನೆ ಅಂತ ನನ್ನನ್ನ ಫೇಲ್ ಮಾಡ್ಬಾರದಾ ಅವರು, ಅಂತ.”

ಮೇಷ್ಟ್ರು ಅತ್ತರು. ಶಬ್ದ ಮಾಡದೆ, ಮುಖ ಮುಚ್ಚಿಕೊಳ್ಳಲೂ ಗೊತ್ತಾಗದೆ, ಕುಳಿತಲ್ಲೇ ಅತ್ತರು. ಮಗಳು ಎದ್ದು ಹತ್ತಿರ ಬರಲಿಲ್ಲ, ಎದ್ದು ಹೊರಗೂ ಹೋಗಲಿಲ್ಲ. ಮಗು ಇಬ್ಬರನ್ನೂ ಮಿಕಿಮಿಕಿ ನೋಡಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಬಚ್ಚಲಿನ ಮೇಲಿನ ಗೂಡಿನಿಂದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ತಂದಳು. ಒಳಗೆ ಸವೆದು ತೆಳುವಾದ ಒಂದು ಚೂರು ಸೋಪು ಇತ್ತು. ಮಧ್ಯದಲ್ಲಿ ಹೆಬ್ಬೆರಳು ಒತ್ತಿದ ತಗ್ಗು ಹಾಗೇ ಇತ್ತು.

“ಗೌನು ತೊಳೆದುಬಿಟ್ಟೆ, ಬುದ್ಧಿಯಿಲ್ಲದೆ. ಇದೊಂದೇ ಉಳಿದಿರೋದು. ನಾನೂ ಮುಟ್ಟಿಲ್ಲ. ಮುಟ್ಟಿದ್ರೆ ಕರಗುತ್ತಲ್ಲ.”

ಮೇಷ್ಟ್ರು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬಾಗಿ, ಬಾಗಿಲಲ್ಲಿ ಕೈಗಳನ್ನು ಮೂಸುವ ಹಾಗೆ ಮೂಸಿದರು. ತೀರಾ ಕೆಳದರ್ಜೆಯ ಗುಲಾಬಿ, ಲ್ಯಾಬಿನಲ್ಲಿ ಹುಟ್ಟಿದ್ದು, ನಿಜವಾದ ಹೂವನ್ನು ಕಂಡೂ ಅರಿಯದ್ದು. ಈ ಸೋಪು ಹಚ್ಚಿಕೊಂಡು ಬಂದವರನ್ನು ಕಾರ್ಖಾನೆಯ ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಅದರ ಕೆಳಗೆ, ತುಂಬ ಕೆಳಗೆ, ಬೆಚ್ಚಗೆ, ಇನ್ನೊಂದು ಎಳೆ ಇತ್ತು. ಅದಕ್ಕೆ ಹೆಸರಿರಲಿಲ್ಲ. ಮೇಷ್ಟ್ರು ತಲೆ ಎತ್ತುವ ಮನಸ್ಸು ಮಾಡಲಿಲ್ಲ.

ಅವತ್ತು ಮಗಳು ಇಲ್ಲೇ ಇರಿ ಎಂದಳು. ಇದ್ದರು. ಬೆಳಗ್ಗೆ ಮೊಮ್ಮಗಳು ತಾತನ ತೋಳ ಮೇಲೆ ಹಾಲು ಕಕ್ಕಿದಳು. ಮಗಳು ಬಿಸಿನೀರು ಇಟ್ಟು, ಟವೆಲು ಕೊಟ್ಟು, ಡಾಕ್ಟರಿಗೆ ಫೋನು ಮಾಡಲು ಹೋದಳು. ಮೇಷ್ಟ್ರು ಬಚ್ಚಲಿಗೆ ಹೋಗಿ ತಮ್ಮ ಚೀಲದಿಂದ ಬಿಳಿ ಸೋಪು ತೆಗೆದರು. ಎಲ್ಲಿಗೆ ಹೋದರೂ ಅದು ಅವರ ಜೊತೆಗೇ. ನಲ್ಲಿಯ ಪಕ್ಕದಲ್ಲಿ ನೋಡಿದರೆ ಆ ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು, ಮುಚ್ಚಳ ತೆರೆದು ಇಟ್ಟಿತ್ತು. ಮಗಳು ಇಟ್ಟಿದ್ದು. ಹೇಳದೆ ಇಟ್ಟಿದ್ದು.

ಸೋಮವಾರ. ಹತ್ತು ಗಂಟೆಗೆ ರುಚಿ ಕೋಣೆ.

ಮೇಷ್ಟ್ರು ಎರಡೂ ಸೋಪುಗಳನ್ನು ನೋಡುತ್ತ ನೀರು ಆರುವ ತನಕ ನಿಂತರು. ಇಷ್ಟು ವರ್ಷ ಈ ವಾಸನೆಯಿಲ್ಲದ ಕೈಗಳಿಂದ ಅನ್ನ ಬಂದಿತ್ತು, ಸುಳ್ಳಲ್ಲ. ಕೊನೆಗೆ ಬಿಳಿಯದನ್ನು ಚೀಲಕ್ಕೆ ಹಾಕಿ ಆ ಚೂರನ್ನು ಒದ್ದೆ ಅಂಗೈಯಲ್ಲಿ ತೆಗೆದುಕೊಂಡರು. ಹೆಬ್ಬೆರಳ ತಗ್ಗಿಗೆ ತಮ್ಮ ಹೆಬ್ಬೆರಳು ತಾಗದ ಹಾಗೆ, ಅಂಚಿನಲ್ಲಿ ಹಿಡಿದು, ಮೆಲ್ಲಗೆ ತಿಕ್ಕಿದರು. ಮೊಣಕೈ ತನಕ ಹಚ್ಚಿಕೊಂಡರು. ಚೂರನ್ನು ಒರೆಸಿ, ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು, ಮೇಲಿನ ಗೂಡಿಗೆ ಸೇರಿಸಿದರು.

ಕಾರ್ಖಾನೆಯಲ್ಲಿ ಎಲ್ಲರೂ ಬಾಗಿಲ ಬಳಿ ಸಾಲಾಗಿ ನಿಂತಿದ್ದರು. ಮೊದಲು ಹಬೆಯಣ್ಣ, ಕೈ ಚಾಚಿಕೊಂಡು. ಮೇಷ್ಟ್ರು ಅವನ ಕೈ ಮೂಸಲಿಲ್ಲ. ಅವನ ಎದುರು ನಿಂತು ತಮ್ಮ ಎರಡೂ ಕೈ ಚಾಚಿದರು.

“ಇವತ್ತು ನೀನು ನೋಡು. ಪಾಸಾ, ಫೇಲಾ?”

ಇದೇನು ತಮಾಷೆ ಎಂದು ಹಬೆಯಣ್ಣ ಹಲ್ಲು ಕಿರಿಯುತ್ತ ಬಾಗಿದ. ಎದ್ದಾಗ ಹಲ್ಲು ಕಾಣಿಸುತ್ತಿರಲಿಲ್ಲ.

“ಮೇಷ್ಟ್ರೇ... ಗುಲಾಬಿ.”

“ಪಾಸಾ, ಫೇಲಾ, ಅದು ಹೇಳಪ್ಪ.”

“ಫೇಲು,” ಎಂದ, ತಾನೇ ತಪ್ಪು ಮಾಡಿದವನ ಹಾಗೆ.

ಒಳಗಿಂದ ಮೇಡಂ ಬಂದರು. ವಿಷಯ ತಿಳಿದು, “ತೊಳ್ಕೊಂಡು ಬನ್ನಿ ಮೇಷ್ಟ್ರೇ, ಕಾಯ್ತೀವಿ,” ಎಂದರು.

“ಇಲ್ಲ ಮೇಡಂ. ತೊಳೆಯೋಕೆ ಆಗಲ್ಲ. ನೀವು ನೋಡಿ.”

ಕೋಣೆಯ ಹೊರಗಿನ ಬೆಂಚಿನ ಮೇಲೆ ಮೇಷ್ಟ್ರು ಒಬ್ಬರೇ ಕುಳಿತರು. ತಾವು ಹೊರಗಿಟ್ಟವರೆಲ್ಲ ಕೂರುತ್ತಿದ್ದ ಬೆಂಚು. ಅಲ್ಲಿ ಕುಳಿತರೆ ಎದುರಿನ ಗೋಡೆಯ ಬಣ್ಣ ಎದ್ದಿರುವುದು ಕಾಣುತ್ತದೆ ಎಂದು ಅವರಿಗೆ ಈವರೆಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಓರೆಯಾಗಿ ಹಬೆಯಣ್ಣನ ತಲೆ ಹೊರಗೆ ಬಂತು.

“ಕಾಳು ಸಿಗ್ತಾ ಇದೆ ಮೇಷ್ಟ್ರೇ. ಒಂದೇ ಒಂಚೂರು. ಏನು ಮಾಡ್ಲಿ?”

“ನಿನ್ನ ನಾಲಿಗೆಗೆ ಕೆಟ್ಟದು ಅನ್ನಿಸ್ತಾ?”

ಹಬೆಯಣ್ಣ ಯೋಚಿಸಿದ. ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. “ಇಲ್ಲಪ್ಪ. ಚೆನ್ನಾಗೇ ಇದೆ.”

“ಮತ್ತೆ? ಇರ್ಲಿ ಬಿಡು ಅದು ಅಲ್ಲಿ.”

ಬಾಗಿಲು ಮುಚ್ಚಿತು. ಬೋರಲು ಹಾಕಿದ ಲೋಟದ ಸದ್ದು ಬೇರೆ, ನೆಟ್ಟಗೆ ಇಟ್ಟಿದ್ದರ ಸದ್ದು ಬೇರೆ. ಮೇಷ್ಟ್ರು ಕಿವಿಗೊಟ್ಟು ಕೇಳಿದರು. ಒಂದಾದ ಮೇಲೊಂದು ನೆಟ್ಟಗೆ ಕೂತವು. ಮೊಮ್ಮಗಳ ಡಬ್ಬಿಯ ನೆನಪಾಗಿ ಎದೆಯಿಂದ ಒಂದು ಉಸಿರು ಹೊರಬಿತ್ತು. ಆಮೇಲೆ ಅಂಗೈಗಳನ್ನು ಮುಖದ ಹತ್ತಿರ ತಂದರು. ಗುಲಾಬಿ ಆಗಲೇ ತೆಳುವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಡುತ್ತದೆ ಎಂದು ಆ ಮೂಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇಡಂ ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು.

“ಎಲ್ಲಾ ನೆಟ್ಟಗಿವೆ,” ಎಂದರು. ಮೇಷ್ಟ್ರು ತಲೆಯಾಡಿಸಿದರು. ಮೇಡಂ ಗಾಳಿಯನ್ನು ಒಮ್ಮೆ ಎಳೆದು, ಸಂಕೋಚದಿಂದಲೇ ಕೇಳಿದರು:

“ಚೆನ್ನಾಗಿದೆ ಮೇಷ್ಟ್ರೇ. ಯಾವುದು ಈ ವಾಸನೆ?”

“ನಮ್ಮ ಮನೆಯವಳದು,” ಎಂದರು ಮೇಷ್ಟ್ರು.